ವಾಲಗದ ವಾದ್ಯ, ಸ್ಯಾಕ್ಸೋಫೋನು

ಅಕ್ಕನ ಮಗಳು ಸಾಗರಕ್ಕೆ ಬಂದಾಗ "ಚಿಕ್ಕಮ್ಮಾ, ಇದೊಂದು ಕೇಳು" ಎಂದು ತನ್ನ ಫೋನನ್ನು ಕೈಗಿತ್ತಳು. ಹೊರಗೆ ಹಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಅದು 'ಜ್ಯೋತಿ'; 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗಾಗಿ ಮುದ್ರಿಸಿದ ಸಂಗೀತ. ಹಾಡಿದವರು ಬೆಂಗಳೂರಿನ ಆರ್.ಎ. ರಮಾಮಣಿ. ಮೃದಂಗ ಅವರ ಪತಿ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ.ಎ.ಎಸ್. ಮಣಿಯವರದು. ಸ್ಯಾಕ್ಸೋಫೋನು ಬೋಸ್ಟನ್ನಿನಲ್ಲಿ ಹುಟ್ಟಿದ ಜಾಝ್ ವಾದಕ ಚಾರ್ಲಿ ಮರಿಯಾನೊ ಅವರದು.

'ಫ್ಯೂಷನ್' ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ಶಾಲಾ ವಾರ್ಷಿಕೋತ್ಸವಗಳಲ್ಲಿ ಭಾವಗೀತೆಗೆ ಕೀಬೋರ್ಡಿನ ಡಬಡಬ ಸೇರಿಸುವುದನ್ನು ಕೇಳಿ ಕೇಳಿ, ಅಪ್ಪೆಹುಳಿಗೆ ಹಾಲು ಬೆರೆಸಿದಂತೆ ಅನ್ನಿಸಿದೆ.

ಇಲ್ಲಿ ಹಾಗಾಗಿಲ್ಲ. ಮೊದಲಿಗೆ ರಮಾಮಣಿಯವರ ದನಿ ಒಂದೇ, ಅವಸರವಿಲ್ಲ. ಇಂಥ ಕೂಟಗಳಲ್ಲಿ ಹೆಂಗಸಿನ ದನಿಯನ್ನು ಒಗ್ಗರಣೆಯ ಕರಿಬೇವಿನ ಹಾಗೆ ಘಮಕ್ಕೆ ಹಾಕಿ ಎಲೆಯ ಬದಿಗೆ ಸರಿಸುವುದೇ ಹೆಚ್ಚು. ಇಲ್ಲಿ ದಾರಿ ತೋರಿಸುವವರೇ ಅವರು. ಆಗ ಅರವತ್ತರ ಹತ್ತಿರವಿದ್ದ ಮರಿಯಾನೊ ಹಿಂದಿನಿಂದ ಬರುತ್ತಾರೆ. ಪಿಯಾನೊ ಇಲ್ಲ, ಕಾರ್ಡುಗಳ ಆಸರೆಯಿಲ್ಲ. ಶ್ರುತಿಯೊಂದನ್ನೇ ನಂಬಿ ನಡೆಯಬೇಕು. ನಡೆದಿದ್ದಾರೆ. ನಮ್ಮ ಗಮಕವನ್ನು ಅಣಕಿಸಲು ಹೋಗದೆ ತಮ್ಮ ಉಚ್ಚಾರದಲ್ಲೇ ಉತ್ತರ ಕೊಡುತ್ತಾರೆ. ಕೊನ್ನಕ್ಕೋಲು, ಖಂಜಿರಗಳ ಲೆಕ್ಕಾಚಾರ ಮಾತ್ರ ನನಗೆ ಉದ್ದವೆನಿಸಿತು. ಗಣಿತದ ಮೇಷ್ಟರಿಗೆ ಹಿತವಾದೀತು.

ಈ ಮರಿಯಾನೊ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತವರಂತೆ. ಅದನ್ನು ತಿಳಿದಾಗ ನನಗೆ ಒಳಗೊಳಗೇ ಮುಜುಗರವಾಯಿತು.

ಪೂರ್ವ ಯೂರೋಪಿನ ಯಹೂದಿಗಳಲ್ಲಿ ಕ್ಲೆಜ್ಮರ್ ಎಂಬ ಮದುವೆಯ ವಾದ್ಯಸಂಗೀತವಿದೆ. ಅವರ ಕ್ಲಾರಿನೆಟ್ಟು ಅಮೆರಿಕಕ್ಕೆ ಹೋಗಿ ಜಾಝ್ ಪಕ್ಕದಲ್ಲಿ ಕೂತಿತು. ಅಲ್ಲಿನ ಗುಡ್ಡಗಾಡಿನ ಬ್ಲೂಗ್ರಾಸಿನವರು ಬಾರಿಸುವ ಬ್ಯಾಂಜೊದ ಬೇರು ಗುಲಾಮರಾಗಿ ಬಂದ ಆಫ್ರಿಕನ್ನರಲ್ಲಿದೆ. ಅಷ್ಟು ದೂರವೇಕೆ, ನಮ್ಮ ಕದ್ರಿ ಗೋಪಾಲನಾಥರ ತಂದೆ ನಾಗಸ್ವರದವರು. ಮಗ ಮೈಸೂರಿನ ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನಿಗೆ ಮನಸೋತು, ಅದರಲ್ಲಿ ಗಮಕ ನುಡಿಸಲು ವಾದ್ಯವನ್ನೇ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2008ರಲ್ಲಿ ಅವರೂ, ಅಮೆರಿಕದಲ್ಲಿ ಬೆಳೆದ ಕನ್ನಡಿಗರ ಮಗ ರುದ್ರೇಶ್ ಮಹಾಂತಪ್ಪನವರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ತಂದರು. ಅದರಲ್ಲಿ ಓಟ ಹೆಚ್ಚು. ನನ್ನ ಕಿವಿಗೆ 'ಜ್ಯೋತಿ'ಯೇ ಒಂದು ಕೈ ಮೇಲು.

ನಮ್ಮಲ್ಲಿ, ತೀರ್ಥಹಳ್ಳಿಯಿರಲಿ ಹೊಸನಗರವಿರಲಿ, ಮದುವೆಮನೆಯ ವಾಲಗವನ್ನು ಯಾರು ಕೇಳುತ್ತೇವೆ? "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುವಾಗಷ್ಟೇ ಅವರ ನೆನಪು. ನನ್ನ ಮಗಳ ಮದುವೆಯಲ್ಲಿ, ಬೀಗಿತ್ತಿಯ ಮಾತು ಕೇಳುತ್ತಿಲ್ಲವೆಂದು "ಸ್ವಲ್ಪ ಮೆಲ್ಲಗೆ ಊದಲಿ" ಎಂದು ಹೇಳಿಕಳಿಸಿದವಳು ನಾನೇ. ಅವರು ಮೆಲ್ಲಗೆ ಊದಲಿಲ್ಲ, ನಿಲ್ಲಿಸಿಯೇಬಿಟ್ಟರು. ಅದು ನನ್ನ ಗಮನಕ್ಕೆ ಬಂದದ್ದು ಊಟದ ಹೊತ್ತಿಗೆ.

ಮೊನ್ನೆ ತೀರ್ಥಹಳ್ಳಿಯ ಕಡೆ ಒಂದು ಮದುವೆಗೆ ಹೋದಾಗ ವಾಲಗದವರ ಹತ್ತಿರವೇ ಕುರ್ಚಿ ಎಳೆದುಕೊಂಡು ಕೂತೆ. ಹಿರಿಯ ನಾಗಸ್ವರದವರು ಒಂದು ಕೀರ್ತನೆ ಮುಗಿಸಿದರು. ವಾದ್ಯವನ್ನು ತೊಡೆಯ ಮೇಲಿಟ್ಟು, ನನ್ನ ಕಡೆ ನೋಡಿ ಅಳುಕುತ್ತಲೇ ಕೇಳಿದರು:

"ಜೋರಾಯ್ತಾ ಅಮ್ಮಾ?"