'ನಿಮ್ಮ ಸಂಸ್ಥೆ' ಎಂದರೆ ಯಾರು?

ಕೊಪ್ಪದ ಒಬ್ಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಸ್ವಂತ ದುಡ್ಡಿನಲ್ಲಿ ಕೊಂಡ ಲ್ಯಾಪ್‌ಟಾಪ್. ಅದರೊಳಗೆ ವರ್ಷಗಳಿಂದ ಕೂಡಿಟ್ಟ ಪಾಠದ ಚಿತ್ರಗಳು, ಪ್ರಶ್ನೆಪತ್ರಿಕೆಗಳು. ಒಂದು ದಿನ ನೋಡಿದರೆ ವೈರಸ್ ತಡೆಯುವ ತಂತ್ರಾಂಶ ನಿಂತುಹೋಗಿದೆ. ಚಾಲೂ ಮಾಡಲು ಹೋದರೆ ಗುಂಡಿ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೂ ಅಲುಗದು. ಪಕ್ಕದಲ್ಲೇ ಒಂದು ಸಾಲು: ಕೆಲವು ಸೆಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ. ಯಾವ ಸಂಸ್ಥೆ? ಶಾಲೆಯಲ್ಲಿ ಕೇಳಿದರೆ ಅವರಿಗೇನೂ ಗೊತ್ತಿಲ್ಲ. ಪೇಟೆಯ ಅಂಗಡಿಗೆ ಒಯ್ದರೆ 'ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ' ಎಂಬ ಒಂದೇ ಉತ್ತರ.

ಈ ಶಿಕ್ಷಕಿ ಕಲ್ಪಿತ. ಆ ಸಾಲು ಕಲ್ಪಿತವಲ್ಲ. ವಿಂಡೋಸ್ 10 ಮತ್ತು 11ನ್ನು ಬಳಸುವ ನೀವೂ ಅದನ್ನು ಕಂಡಿರಬಹುದು. ನನ್ನ ತಕರಾರು ಬೀಗದ ಬಗ್ಗೆ ಅಲ್ಲ, ಆ ಸಾಲಿನ ಬಗ್ಗೆ. ತನಗೆ ತಿಳಿಯದ ಸಂಗತಿಯನ್ನು ಅದು ತಿಳಿದಂತೆ ಹೇಳುತ್ತದೆ.

ಬೀಗ ಬೀಳುವ ಬಗೆ

ಗಣಕದಲ್ಲಿ ನಾವು ಮಾಡಿಕೊಳ್ಳುವ ಆಯ್ಕೆಗಳು 'ರಿಜಿಸ್ಟ್ರಿ' ಎಂಬ ದತ್ತಸಂಚಯದಲ್ಲಿ ದಾಖಲಾಗುತ್ತವೆ. ಅದರಲ್ಲೇ 'ಪಾಲಿಸೀಸ್' ಎಂಬ ಪ್ರತ್ಯೇಕ ಶಾಖೆಯಿದೆ. ಅಲ್ಲಿ ಬರೆದದ್ದು ಬಳಕೆದಾರರ ಆಯ್ಕೆಗಿಂತ ಮೇಲು. ಅಲ್ಲಿ ಒಂದು ಮೌಲ್ಯ ಕಂಡರೆ ಸಾಕು, ವಿಂಡೋಸ್ ಗುಂಡಿಯನ್ನು ಬೂದು ಮಾಡಿ ಆ ಸಾಲನ್ನು ತೋರಿಸುತ್ತದೆ. ಬರೆದವರು ಯಾರೆಂದು ಅದು ಹೇಳುವುದಿಲ್ಲ.

ಈ ಏರ್ಪಾಡಿನ ಹುಟ್ಟು ಕಚೇರಿಯಲ್ಲಿ. ವಿಂಡೋಸ್ 2000ದ ಜೊತೆ 'ಗ್ರೂಪ್ ಪಾಲಿಸಿ' ಬಂದಾಗ ಇದ್ದ ಭಾವನೆ ಸರಳ: ಯಂತ್ರ ಕಚೇರಿಯದು, ಬಳಸುವವರು ನೌಕರರು. ಬೀಗ ಬಿದ್ದಿದೆಯೆಂದರೆ ಕಚೇರಿಯೇ ಹಾಕಿರಬೇಕು. ಅಲ್ಲಿ ಈ ಊಹೆ ಸರಿಯೇ ಇತ್ತು. 2020ರಲ್ಲಿ ಕೊರೊನಾ ಬಂದು ತರಗತಿಗಳು ಅಂತರಜಾಲಕ್ಕೆ ಹೋದವು. ಶಿಕ್ಷಕರು, ವಿದ್ಯಾರ್ಥಿಗಳು ತಮ್ಮ ಸ್ವಂತ ಯಂತ್ರಗಳಲ್ಲಿ ಸಂಸ್ಥೆ ಕೊಟ್ಟ ಖಾತೆಗಳನ್ನು ತೆರೆದರು. ಯಂತ್ರ ಒಬ್ಬರದು, ಖಾತೆ ಇನ್ನೊಬ್ಬರದು ಎಂಬ ಸ್ಥಿತಿ ಎಲ್ಲೆಡೆ ಹರಡಿತು. ಹಳೆಯ ಊಹೆ ಮಾತ್ರ ಹಾಗೆಯೇ ಉಳಿಯಿತು.

ಸಂಸ್ಥೆಯ ಖಾತೆಯಿಂದ ಆಫೀಸ್ ತಂತ್ರಾಂಶವನ್ನು ತೆರೆಯುವಾಗ ಬರುತ್ತಿದ್ದ ಪ್ರಶ್ನೆಯೊಂದನ್ನು ನೆನಪಿಸಿಕೊಳ್ಳಿ. 'ನನ್ನ ಸಾಧನವನ್ನು ನಿರ್ವಹಿಸಲು ಸಂಸ್ಥೆಗೆ ಅನುಮತಿಸಿ' ಎಂಬ ಚೌಕದಲ್ಲಿ ಗುರುತು ಮೊದಲೇ ಬಿದ್ದಿರುತ್ತಿತ್ತು. 'ಈ ತಂತ್ರಾಂಶಕ್ಕೆ ಮಾತ್ರ' ಎಂಬ ದಾರಿ ಕೆಳಗೆ, ಸಣ್ಣ ಅಕ್ಷರದಲ್ಲಿ. ತರಗತಿಗೆ ಹೊತ್ತಾಗಿದೆ, ಹೊರಗೆ ಮಳೆ, ನೆಟ್‌ವರ್ಕ್ ಈಗಲೋ ಆಗಲೋ ಎನ್ನುವಂತಿದೆ. ಯಾರು ತಾನೇ ಸಣ್ಣ ಅಕ್ಷರ ಓದುತ್ತಾರೆ? ಸಂಸ್ಥೆ ತನ್ನ ಕಡೆ ಸ್ವಯಂಚಾಲಿತ ನಿರ್ವಹಣೆಯನ್ನು ಸಿದ್ಧಪಡಿಸಿಟ್ಟಿದ್ದರೆ ಆ ಒಂದು ಒಪ್ಪಿಗೆಯಿಂದ ಬೀಗದ ಕೈ ಅತ್ತ ಹೋಯಿತು.

ಲಿಟ್ಮಸ್ ಪಾಠ

ನೀಲಿ ಲಿಟ್ಮಸ್ ಕೆಂಪಾದರೆ ದ್ರಾವಣದಲ್ಲಿ ಆಮ್ಲವಿದೆ ಎಂದು ಹೇಳಬಹುದು. ಅದು ಗಂಧಕಾಮ್ಲವೇ, ನಿಂಬೆರಸವೇ ಎಂದು ಹೇಳಲಾಗದು. ಬೂದು ಗುಂಡಿಯೂ ಹಾಗೆಯೇ. ಅದಕ್ಕೆ ಕನಿಷ್ಠ ನಾಲ್ಕು ಕಾರಣಗಳಿರಬಹುದು. ಒಂದು, ನೀವು ಸೇರಿಸಿದ ಶಾಲೆ ಅಥವಾ ಕಚೇರಿಯ ಖಾತೆ. ಎರಡು, ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಹಳೆಯ ಕಂಪನಿ ಬಿಟ್ಟುಹೋದ ನಿಯಮ. ಮೂರು, 'ವಿಂಡೋಸನ್ನು ಚುರುಕುಗೊಳಿಸುತ್ತೇವೆ' ಎನ್ನುವ ಉಚಿತ ತಂತ್ರಾಂಶ. ನಾಲ್ಕು, ಕುತಂತ್ರಾಂಶ. ರಕ್ಷಣೆಯನ್ನು ಆರಿಸಲು ಇದೇ ಪಾಲಿಸಿ ಶಾಖೆಯಲ್ಲಿ ಬರೆಯುವುದು ಅದರ ಹಳೆಯ ಉಪಾಯ. ಇದನ್ನು ತಡೆಯಲು 2019ರಲ್ಲಿ 'ಟ್ಯಾಂಪರ್ ಪ್ರೊಟೆಕ್ಷನ್' ಬಂತು. 2020ರಿಂದ ಡಿಫೆಂಡರನ್ನು ಪೂರ್ತಿ ಆರಿಸುವ ಹಳೆಯ ನಮೂದನ್ನು ಮನೆಬಳಕೆಯ ಗಣಕಗಳಲ್ಲಿ ಕಡೆಗಣಿಸಲಾಗುತ್ತಿದೆ. ಅಪಾಯವಿತ್ತೆಂದು ತಯಾರಕರೇ ಒಪ್ಪಿದಂತಾಯಿತು. ಆದರೂ ಸಾಲು ಬದಲಾಗಲಿಲ್ಲ. ಕಳ್ಳನೇ ಹಾಕಿದ ಬೀಗವನ್ನೂ ಅದು 'ನಿಮ್ಮ ಸಂಸ್ಥೆ'ಯ ಬೀಗ ಎನ್ನಬಲ್ಲದು. ನಂಬಿ ಸುಮ್ಮನಾದವರಿಗೆ ನಷ್ಟ.

ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇ ಇಲ್ಲವೆ? ಇದೆ. ಕ್ರೋಮ್ ಜಾಲದರ್ಶಕದ ಪಾಲಿಸಿ ಪುಟ ಪ್ರತಿಯೊಂದು ನಿಯಮದ ಹೆಸರು, ಮೌಲ್ಯ ಮತ್ತು ಅದು ಬಂದ ಮೂಲವನ್ನು ಪಟ್ಟಿ ಮಾಡುತ್ತದೆ. ವಿಂಡೋಸ್ ಕೂಡ 'ಅಪ್‌ಡೇಟ್' ವಿಭಾಗದಲ್ಲಿ ಜಾರಿಯಲ್ಲಿರುವ ನಿಯಮಗಳನ್ನು ತೋರಿಸುತ್ತದೆ. ಅಪ್‌ಡೇಟ್‌ಗೆ ಸಿಕ್ಕ ಈ ಪಾರದರ್ಶಕತೆ ಭದ್ರತೆಯ ಪುಟಕ್ಕೆ ಸಿಗದಿರಲು ಕಾರಣ ಕಾಣದು.

ನೀವು ಮಾಡಬಹುದಾದದ್ದು

ಮೊದಲು 'ಸೆಟಿಂಗ್ಸ್', ನಂತರ 'ಅಕೌಂಟ್ಸ್', ಅಲ್ಲಿ 'ಆಕ್ಸೆಸ್ ವರ್ಕ್ ಆರ್ ಸ್ಕೂಲ್' ತೆರೆಯಿರಿ. ಅಲ್ಲಿ ಖಾತೆ ಕಂಡರೆ ಅದರ ಮೇಲೆ ಒತ್ತಿ. ಯಂತ್ರ ನಿರ್ವಹಣೆಗೂ ಒಳಪಟ್ಟಿದ್ದರೆ 'ಇನ್ಫೋ' ಗುಂಡಿ ಇರುತ್ತದೆ. ನಿರ್ವಹಿಸುತ್ತಿರುವವರ ವಿವರ ಅದರಲ್ಲಿ ಸಿಗುತ್ತದೆ.

ಯಂತ್ರ ಸಂಸ್ಥೆಯದೇ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ, ಅವರನ್ನು ಕೇಳಿ. ವಿದ್ಯಾರ್ಥಿಗಳ ಮಾಹಿತಿ ಇರುವ ಯಂತ್ರಕ್ಕೆ ಬೀಗ ಬೇಕು. ಯಂತ್ರ ನಿಮ್ಮದಾಗಿದ್ದರೆ 'ಡಿಸ್‌ಕನೆಕ್ಟ್' ಒತ್ತಬಹುದು. ಆದರೆ ಅದಕ್ಕೆ ಮುನ್ನ ಮೂರು ಕೆಲಸ ಮಾಡಿ. ಕಡತಗಳ ಪ್ರತಿಯನ್ನು ಬೇರೆಡೆ ಇಡಿ. ಡಿಸ್ಕ್ ಗೂಢಲಿಪೀಕರಣವಾಗಿದ್ದರೆ ಬಿಟ್‌ಲಾಕರ್‌ನ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಸಂಸ್ಥೆಯ ಖಾತೆ ಹೋದ ಮೇಲೆ ಅದನ್ನು ಪಡೆಯುವ ದಾರಿ ಮುಚ್ಚಬಹುದು. ಸಂಸ್ಥೆಯ ಖಾತೆಯಿಂದಲೇ ಯಂತ್ರ ಪ್ರವೇಶಿಸುತ್ತಿದ್ದರೆ, ಗುಪ್ತಪದ ಗೊತ್ತಿರುವ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಖಾತೆಯೊಂದನ್ನು ಮಾಡಿಕೊಳ್ಳಿ. ಇಲ್ಲವಾದರೆ ಹೊರಗೇ ಉಳಿಯುತ್ತೀರಿ.

ಪಟ್ಟಿಯಲ್ಲಿ ಯಾವ ಖಾತೆಯೂ ಇಲ್ಲದಿದ್ದರೆ ಅನುಮಾನಕ್ಕೆ ಹೆಚ್ಚು ಕಾರಣವಿದೆ. ಈಚೆಗೆ ಹಾಕಿಕೊಂಡ ತಂತ್ರಾಂಶಗಳನ್ನು ಪರಿಶೀಲಿಸಿ. ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ನಡೆಸಿ. ಅದು ವಿಂಡೋಸ್ ಪೂರ್ತಿ ಏಳುವ ಮುನ್ನವೇ ಶೋಧಿಸುತ್ತದೆ. ರಿಜಿಸ್ಟ್ರಿಯ ಸಾಲುಗಳನ್ನು ಅಳಿಸಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಪ್ರತಿ ತೆಗೆದಿಡದೆ, ಅಳಿಸುವುದು ಏನೆಂದು ತಿಳಿಯದೆ ಕೈಹಾಕಬೇಡಿ. ಬೀಗ ಹಾಕಿದ ತಂತ್ರಾಂಶ ಉಳಿದಿದ್ದರೆ ಅದು ಆ ಸಾಲನ್ನು ಮತ್ತೆ ಬರೆಯುತ್ತದೆ. ಫಾರ್ಮ್ಯಾಟ್ ಕೊನೆಯ ಮಾರ್ಗವೇ ಹೊರತು ಮೊದಲನೆಯದಲ್ಲ.

ಪ್ರಯೋಗಾಲಯದಲ್ಲಿ 'ಕಂಡದ್ದನ್ನು ಬರೆ, ಊಹಿಸಿದ್ದನ್ನು ಬೇರೆ ಬರೆ' ಎಂದು ಮಕ್ಕಳಿಗೆ ಹೇಳುತ್ತೇವೆ. 'ಒಂದು ನಿಯಮ ಜಾರಿಯಲ್ಲಿದೆ' ಎಂಬುದು ವೀಕ್ಷಣೆ. 'ನಿಮ್ಮ ಸಂಸ್ಥೆ ಹಾಕಿದೆ' ಎಂಬುದು ಊಹೆ. ಎರಡನ್ನೂ ಕಲಸಿ ಬರೆದ ವಿದ್ಯಾರ್ಥಿಯ ಅಂಕ ಕಳೆಯುತ್ತೇವೆ. ಗಣಕಕ್ಕೆ ಮಾತ್ರ ಪೂರ್ಣಾಂಕ ಏಕೆ?