ಸಮವಸ್ತ್ರದಲ್ಲಿ ಸಮತೆ

ಸ್ತ್ರೀಪುರುಷರಿಗೆ ಒಂದೇ ಸಮವಸ್ತ್ರವೆಂದಾಗ, ಯಾರ ಉಡುಪಿಗೆ ಯಾರು ಸಮರಾಗಬೇಕು? ವೈಜ್ಞಾನಿಕ ಕಲ್ಪನೆಯ ದೂರದರ್ಶನ ಮಾಲಿಕೆಗಳಲ್ಲಿ ಪ್ರಸಿದ್ಧವಾದ ಅಮೆರಿಕದ ‘ಸ್ಟಾರ್ ಟ್ರೆಕ್’ ಇದಕ್ಕೆ ಮೂರು ಉತ್ತರಗಳನ್ನಿತ್ತಿದೆ. 1964–65ರ ಅದರ ಮೊದಲ ಮಾದರಿ ಕಂತಿನಲ್ಲಿ ನೌಕೆಯ ಸ್ತ್ರೀಯರೂ ಪುರುಷರಂತೆ ಷರಾಯಿ ತೊಟ್ಟಿದ್ದರು. 1966ರಲ್ಲಿ ಪ್ರಸಾರ ಮೊದಲಾದಾಗ ಸ್ತ್ರೀಯರಿಗೆ ಗಿಡ್ಡ ಲಂಗ ಬಂದಿತು. 1987ರ ಹೊಸ ಮಾಲಿಕೆಯಲ್ಲಿ ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೈಸ್ ಅವರು ಅಂಥದೇ ಉಡುಪನ್ನು ಕೆಲವು ಪುರುಷರಿಗೂ ತೊಡಿಸಿದರು. ಆದರೆ ಅದು ಬೇಗನೆ ಮರೆಯಾಗಿ ಷರಾಯಿಯೇ ಉಳಿಯಿತು.

ನಮ್ಮಲ್ಲಿಯೂ 2018ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆಯ ಮಹಿಳೆಯರು ಖಾಕಿ ಸೀರೆಯ ಬದಲು ಅಂಗಿ-ಪ್ಯಾಂಟು ಧರಿಸಬೇಕೆಂಬ ಆದೇಶವಾಯಿತು. ಕರ್ತವ್ಯಕ್ಕೆ ಅದು ಅನುಕೂಲವೆಂಬುದು ನಿರ್ವಿವಾದ. ಆದರೆ ಅನುಕೂಲವನ್ನೇ ಸಮತೆಯೆಂದು ಒಪ್ಪುವ ಮುನ್ನ ನಾವು ವಿಚಾರಿಸಬೇಕು. ಎರಡೆಡೆಯಲ್ಲಿಯೂ ‘ಎಲ್ಲರ ಉಡುಪು’ ಆಗಿ ನಿಂತದ್ದು ಗಂಡಸಿನ ಉಡುಪೇ.

ಧಾರವಾಡ ಸೀಮೆಯ ಹೊಲಗಳಲ್ಲಿ ಗಂಡಸರು ಕಚ್ಚೆ ಹಾಕಿ ಧೋತರ ಉಟ್ಟರು. ಹೆಂಗಸರು ಕಚ್ಚೆ ಹಾಕಿ ಸೀರೆ ಉಟ್ಟರು. ಎರಡೂ ಹೊಲಿಯದ ಬಟ್ಟೆ, ಎರಡೂ ದುಡಿಮೆಗೆ ಒದಗುವ ಉಡಿಗೆ. ಆ ಸಮಾಜದಲ್ಲಿ ಸಮತೆಯಿತ್ತೆಂದು ನಾವು ಹೇಳಲಾರೆವು. ಆದರೆ ದುಡಿಮೆಗೆ ಒಗ್ಗುವ ಉಡುಪನ್ನು ಹೆಣ್ಣು ಗಂಡಸಿನಿಂದ ಎರವಲು ತರಬೇಕಾಗಿಲ್ಲವೆಂಬುದಕ್ಕೆ ಅದು ಸಾಕ್ಷಿ. ಭವಿಷ್ಯವನ್ನು ಕಲ್ಪಿಸುವವರು ಈ ಸಾಕ್ಷ್ಯವನ್ನೂ ಗಮನಿಸುವುದು ಲೇಸು.