ಕೆಂಪು ಔಷಧದ ಉಪಕಾರ

1970ರ ದಶಕಕ್ಕೆ ಮುನ್ನ, ಮೊಣಕಾಲಿನ ಮೂಳೆಗೆ ಅರ್ಬುದ ತಗುಲಿದ ಬಾಲಕನ ಕಾಲನ್ನೇ ಕತ್ತರಿಸಿದರೂ, ರೋಗದ ಕಣಗಳು ಅದಾಗಲೇ ಗುಪ್ತವಾಗಿ ಶ್ವಾಸಕೋಶವನ್ನು ಸೇರಿರುತ್ತಿದ್ದುದರಿಂದ, ಐವರಲ್ಲಿ ಒಬ್ಬನು ಉಳಿಯುವುದೂ ದುರ್ಲಭವಾಗಿತ್ತು. ಕಲಬುರಗಿಯ ಕಿದ್ವಾಯಿ ಅರ್ಬುದ ಚಿಕಿತ್ಸಾ ಕೇಂದ್ರದಲ್ಲಿ, ಕಮಲಾಪುರದ ಕೆಂಪು ಬಾಳೆಯನ್ನು ನೆನಪಿಸುವ ಬಣ್ಣದ, ಆ ಗತಿಯನ್ನು ಬದಲಿಸಿದ ಔಷಧಗಳಲ್ಲೊಂದಾದ ಡಾಕ್ಸೋರುಬಿಸಿನ್ ನಳಿಕೆಯಲ್ಲಿ ತೊಟ್ಟುತೊಟ್ಟಾಗಿ ಇಳಿಯುವುದನ್ನು ಕಂಡು ನಾನು ಮನದಲ್ಲೇ ಕೈಮುಗಿದೆನು. ಇದನ್ನೂ ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಔಷಧವನ್ನೂ ಶಸ್ತ್ರಕ್ರಿಯೆಗೆ ಮೊದಲೇ ಕೆಲವು ವಾರ ಕೊಟ್ಟು, ರುಗ್ಣವಾದ ಮೂಳೆಯನ್ನಷ್ಟೇ ತೆಗೆದು ಲೋಹದ ಕೀಲನ್ನು ಕೂಡಿಸಿ, ತೆಗೆದ ಗಡ್ಡೆಯಲ್ಲಿ ಶೇ. 90ರಷ್ಟಾದರೂ ಕಣಗಳು ಸತ್ತಿವೆಯೇ ಎಂದು ಪರೀಕ್ಷಿಸಿ, ಮತ್ತೆ ಔಷಧವನ್ನು ಮುಂದುವರಿಸುವ ಈ ಕ್ರಮದಿಂದ ಶಸ್ತ್ರಕ್ಕೆ ವಿವೇಕವೂ ಕರುಣೆಯೂ ಪ್ರಾಪ್ತವಾದುವೆಂದೇ ನನ್ನ ಭಾವನೆ. ರೋಗವು ಬೇರೆಡೆಗೆ ಹರಡದಿದ್ದಲ್ಲಿ ಇಂದು 10 ಮಂದಿಯಲ್ಲಿ 6-7 ಮಂದಿ ಉಳಿಯುತ್ತಾರೆ. ಆದುದರಿಂದ, ಮಕ್ಕಳ ಮೊಣಕಾಲಿನ ಬಾವು ವಾರಗಟ್ಟಲೆ ಇಳಿಯದಿದ್ದರೆ, ಎಣ್ಣೆ ತಿಕ್ಕುತ್ತ ಕೂರದೆ ಎಕ್ಸ್‌ರೇ ತೆಗೆಸಿರಿ.